ವಿಪಲ್ ಶಸ್ತ್ರಚಿಕಿತ್ಸೆ ಮತ್ತು ಆನಂತರದ ಚೇತರಿಕೆ: ಬಲ್ಲವರು ದಯವಿಟ್ಟು ತಿಳಿಸಿ

ಪ್ರಶ್ನೆ (ಜಮಖಂಡಿ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಗೆ 59 ವರ್ಷ. ಕೃಷ್ಣಾ ದಂಡೆಯಲ್ಲಿ ಕಬ್ಬಿನ ಒಕ್ಕಲುತನ ನಮ್ಮದು. ಹೊಟ್ಟೆನೋವು ಏನೂ ಇಲ್ಲದೆ ಕಣ್ಣು ಹಳದಿಯಾಗಿ, ಮೈಯೆಲ್ಲ ತುರಿಕೆ ಎದ್ದು, ಮಲ ಬೂದಿ ಬಣ್ಣಕ್ಕೆ ತಿರುಗಿದ್ದರಿಂದ ತಪಾಸಣೆ ಮಾಡಿಸಿದೆವು. ಕಾಮಣಿ ಎಷ್ಟಿದೆಯೆಂದು ರಕ್ತದಲ್ಲಿ ತೋರಿಸುವ ಬಿಲಿರುಬಿನ್ 17 ಇತ್ತು. ಎಂಡೋಸ್ಕೋಪಿಯ ಮೂಲಕ ಪಿತ್ತನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ನಳಿಕೆ, ಹಾಕಿದರು. ಅದೇ ಹೊತ್ತಿನಲ್ಲಿ ತೆಗೆದ ತುಣುಕಿನ ಬಯಾಪ್ಸಿಯಲ್ಲಿ ಪಿತ್ತನಾಳವು ಕರುಳಿಗೆ ತೆರೆದುಕೊಳ್ಳುವ ಬಾಯಿಯ ಬಳಿ, ಅಂದರೆ ಆಂಪುಲಾದಲ್ಲಿ, ಕ್ಯಾನ್ಸರ್ ಇದೆಯೆಂದು ಬಂದಿದೆ. ಗಡ್ಡೆ 2 ಸೆಂಟಿಮೀಟರ್‌ಗಿಂತ ಚಿಕ್ಕದು, ಸಿಟಿ ಸ್ಕ್ಯಾನ್‌ನಲ್ಲಿ ಬೇರೆಡೆ ಹರಡಿದ್ದು ಕಾಣುತ್ತಿಲ್ಲ. ಬೆಳಗಾವಿಯ ಶಸ್ತ್ರವೈದ್ಯರು ವಿಪಲ್ ಶಸ್ತ್ರಚಿಕಿತ್ಸೆ ಆಗಬೇಕೆಂದು ಹೇಳಿದ್ದಾರೆ.

ಅವರು ಚಿತ್ರ ಬರೆದು ವಿವರಿಸಿದರೂ ಆ ಹೊತ್ತಿನಲ್ಲಿ ನಮ್ಮ ತಲೆಗೆ ಹೋದದ್ದು ಕಡಿಮೆ. ಇಷ್ಟು ಸಣ್ಣ ಗಡ್ಡೆಗಾಗಿ ಮೇದೋಜ್ಜೀರಕ ಗ್ರಂಥಿಯ ತಲೆ, ಕರುಳಿನ ಒಂದು ಭಾಗ, ಪಿತ್ತಕೋಶ ಎಲ್ಲವನ್ನೂ ಏಕೆ ತೆಗೆಯಬೇಕು? ಅಪಾಯ ನಿಜವಾಗಿ ಎಲ್ಲಿದೆ? ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಊಟ ಹೇಗೆ? ರೊಟ್ಟಿ ಬಿಟ್ಟು ಬದುಕುವ ಮನುಷ್ಯ ಅವರಲ್ಲ. ಮತ್ತೆ ಹೊಲಕ್ಕೆ ಹೋಗಬಲ್ಲರೇ? ಗೋವೆಯ ಮುಖ್ಯಮಂತ್ರಿಯಾಗಿದ್ದ ಮನೋಹರ ಪರಿಕ್ಕರ್ ಅವರು 2019ರಲ್ಲಿ ಮೇದೋಜ್ಜೀರಕದ ಕ್ಯಾನ್ಸರ್‌ನಿಂದ ತೀರಿಕೊಂಡದ್ದನ್ನು ನೆನಪಿಸಿ, ಅಷ್ಟು ದೊಡ್ಡವರಿಗೇ ಆಗದ್ದು ನಮಗೆ ಆದೀತೇ ಎಂದು ನಮ್ಮ ಕಾಕಾ ಕೇಳುತ್ತಾರೆ. ಕತ್ತರಿ ತಾಗಿದರೆ ಗಡ್ಡೆ ಮೈಯೆಲ್ಲ ಹರಡುತ್ತದೆ ಎಂಬ ಮಾತೂ ಮನೆಯಲ್ಲಿ ನಡೆದಿದೆ. ಅಪ್ಪನಿಗೆ ಇದುವರೆಗೆ "ನಾಳ ಕಟ್ಟಿದೆ, ಆಪರೇಷನ್ ಬೇಕು" ಎಂದಷ್ಟೇ ಹೇಳಿದ್ದೇವೆ.

ಉತ್ತರ 1 (ಬೆಳಗಾವಿ, ಜಠರ ಮತ್ತು ಕರುಳಿನ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ)

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಉಳಿದವು ತಾವಾಗಿಯೇ ಅರ್ಥವಾಗುತ್ತವೆ, ಆದ್ದರಿಂದ ಅದನ್ನು ವಿವರವಾಗಿ ಬರೆಯುತ್ತೇನೆ. ಮೇದೋಜ್ಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ. ಅದರ ತಲೆಯ ಭಾಗವನ್ನು ಸಣ್ಣ ಕರುಳಿನ ಮೊದಲ ಬಾಗು, ಅಂದರೆ ಡ್ಯುಯೊಡಿನಮ್, ಬಳಸಿಕೊಂಡು ಹೋಗುತ್ತದೆ. ಯಕೃತ್ತಿನಿಂದ ಇಳಿದು ಬರುವ ಪಿತ್ತನಾಳ ಆ ತಲೆಯೊಳಗಿನಿಂದಲೇ ಹಾದು, ಗ್ರಂಥಿಯ ಸ್ವಂತ ನಾಳದೊಡನೆ ಸೇರಿ, ಡ್ಯುಯೊಡಿನಮ್‌ಗೆ ತೆರೆದುಕೊಳ್ಳುತ್ತದೆ. ನಿಮ್ಮ ತಂದೆಯ ಗಡ್ಡೆ ಇರುವುದು ಸರಿಯಾಗಿ ಆ ಬಾಯಿಯಲ್ಲಿ. ಗ್ರಂಥಿಯ ತಲೆಗೂ ಡ್ಯುಯೊಡಿನಮ್‌ಗೂ ರಕ್ತ ಒದಗಿಸುವ ಧಮನಿಗಳು ಒಂದೇ ಆಗಿರುವುದರಿಂದ, ಕ್ಯಾನ್ಸರ್‌ಗೆ ಬೇಕಾದಷ್ಟು ಅಂಚು ಬಿಟ್ಟು ತಲೆಯನ್ನು ತೆಗೆದರೆ ಆ ಕರುಳಿನ ಭಾಗಕ್ಕೆ ರಕ್ತವಿಲ್ಲದಂತಾಗುತ್ತದೆ. ಇದರ ಜೊತೆಗೆ ಈ ಜಾಗದ ಕ್ಯಾನ್ಸರ್ ಮೊದಲು ಸಾಗುವುದು ಅಕ್ಕಪಕ್ಕದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್). ಅವೂ ಈ ಅಂಗಗಳಿಗೆ ಅಂಟಿಕೊಂಡೇ ಇರುವುದರಿಂದ ಎಲ್ಲವನ್ನೂ ಒಂದೇ ಮುದ್ದೆಯಾಗಿ ತೆಗೆಯಬೇಕಾಗುತ್ತದೆ. ಗಡ್ಡೆಯ ಗಾತ್ರಕ್ಕಿಂತ ಅದು ಕೂತಿರುವ ಜಾಗವೇ ಶಸ್ತ್ರಚಿಕಿತ್ಸೆಯ ಗಾತ್ರವನ್ನು ನಿರ್ಧರಿಸುತ್ತದೆ.

ತೆಗೆಯುವುದು ಅರ್ಧ ಕೆಲಸ. ಆಮೇಲೆ ಮೂರು ಜೋಡಣೆಗಳು ಆಗಬೇಕು: ಉಳಿದ ಮೇದೋಜ್ಜೀರಕವನ್ನು ಕರುಳಿಗೆ, ಪಿತ್ತನಾಳವನ್ನು ಕರುಳಿಗೆ, ಜಠರವನ್ನು ಕರುಳಿಗೆ. ಕೆಲವರಲ್ಲಿ ಜಠರವನ್ನು ಪೂರ್ತಿ ಉಳಿಸಿ, ಕೆಲವರಲ್ಲಿ ಅದರ ಕೆಳತುದಿಯನ್ನು ತೆಗೆದು ಜೋಡಿಸುತ್ತಾರೆ. ಒಟ್ಟು ನಾಲ್ಕರಿಂದ ಎಂಟು ಗಂಟೆಗಳ ಕೆಲಸ ಇದು. ನ್ಯೂಯಾರ್ಕಿನ ಅಲೆನ್ ವಿಪಲ್ 1935ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಇದನ್ನು ಎರಡು ಹಂತಗಳಲ್ಲಿ ಮಾಡಬೇಕಾಗಿತ್ತು, ಏಕೆಂದರೆ ಹೀಗೆ ನಾಳ ಕಟ್ಟಿ ಕಾಮಣಿಯಾದವರ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಪಿತ್ತರಸ ಕರುಳಿಗೆ ಬರದಿದ್ದರೆ ವಿಟಮಿನ್ ಕೆ ಮೈಗೆ ಹೀರುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಆ ವಿಟಮಿನ್ ಔಷಧವಾಗಿ ಕೈಗೆ ಬಂದ ಮೇಲೆ, 1940ರ ಸುಮಾರಿಗೆ, ಒಂದೇ ಹಂತದಲ್ಲಿ ಮಾಡುವುದು ಸಾಧ್ಯವಾಯಿತು. ನಿಮ್ಮ ತಂದೆಗೂ ಶಸ್ತ್ರಚಿಕಿತ್ಸೆಗೆ ಮುನ್ನ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರೆ ಅದು ಏತಕ್ಕೆಂದು ನಿಮಗೆ ಈಗ ತಿಳಿದಿರುತ್ತದೆ.

ಅಪಾಯದ ವಿಷಯಕ್ಕೆ ಬರುತ್ತೇನೆ. 1970ರ ದಶಕದವರೆಗೂ ಈ ಶಸ್ತ್ರಚಿಕಿತ್ಸೆಯಾದ ನಾಲ್ಕೈದು ಮಂದಿಯಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ಸಾಯುತ್ತಿದ್ದರು. ಇಂದು ಅನುಭವವಿರುವ ಕೇಂದ್ರಗಳಲ್ಲಿ ಆ ಪ್ರಮಾಣ ಶೇಕಡಾ 5ಕ್ಕಿಂತ ಕೆಳಗಿದೆ. ಆದರೆ ತೊಡಕುಗಳು ಆ ಮಟ್ಟಕ್ಕೆ ಇಳಿದಿಲ್ಲ. ಒಳ್ಳೆಯ ಕೇಂದ್ರದಲ್ಲೂ ಮೂರರಲ್ಲಿ ಒಬ್ಬರಿಗಾದರೂ ಸಣ್ಣದೋ ದೊಡ್ಡದೋ ಒಂದು ತೊಡಕು ಆಗಿಯೇ ಆಗುತ್ತದೆ. ಬದಲಾಗಿರುವುದು ಅವನ್ನು ಬೇಗ ಗುರುತಿಸಿ ನಿಭಾಯಿಸುವ ಸಾಮರ್ಥ್ಯ. ಹಾಗಾಗಿ ಆಸ್ಪತ್ರೆಯನ್ನು ಆರಿಸುವಾಗ ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಈ ತಂಡ ವರ್ಷಕ್ಕೆ ಎಷ್ಟು ವಿಪಲ್ ಮಾಡುತ್ತದೆ? ನಡುರಾತ್ರಿ ಒಳಗೆ ರಕ್ತಸ್ರಾವವಾದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಮ್ ಮಾಡಿ, ತೊಡೆಯ ಧಮನಿಯ ಮೂಲಕ ಹೋಗಿ ಅದನ್ನು ತಡೆಯುವ ವ್ಯವಸ್ಥೆ ಅಲ್ಲೇ ಇದೆಯೇ? ಕಟ್ಟಡದ ಅಂದಕ್ಕಿಂತ, ಊರಿಗೆ ಹತ್ತಿರವಿದೆ ಎಂಬ ಅನುಕೂಲಕ್ಕಿಂತ ಈ ಎರಡು ಉತ್ತರಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮುಖ್ಯ ತೊಡಕು ಮೇದೋಜ್ಜೀರಕದ ಜೋಡಣೆ ಸೋರುವುದು. ಆರೋಗ್ಯವಂತ ಗ್ರಂಥಿಗೆ ಹೊಲಿಗೆ ಹಾಕುವುದು ಬೆಣ್ಣೆಗೆ ದಾರ ಕಟ್ಟಿದಂತೆ. ಗ್ರಂಥಿ ಮೆತ್ತಗಿದ್ದು ನಾಳ ಸಣ್ಣದಿದ್ದಷ್ಟೂ ಸೋರಿಕೆಯ ಸಂಭವ ಹೆಚ್ಚು. ಆಂಪುಲಾದ ಗಡ್ಡೆಯವರಲ್ಲಿ ಗ್ರಂಥಿ ಹೆಚ್ಚಾಗಿ ಮೆತ್ತಗೇ ಇರುತ್ತದೆ ಎಂಬುದನ್ನು ನಿಮಗೆ ಮೊದಲೇ ತಿಳಿಸಿರಬೇಕು. ಇದನ್ನು ಪತ್ತೆಹಚ್ಚಲೆಂದೇ ಹೊಟ್ಟೆಯಲ್ಲಿ ಡ್ರೇನ್ ನಳಿಕೆ ಇಟ್ಟಿರುತ್ತಾರೆ. ಮೂರನೆಯ ದಿನ ಅಥವಾ ಅದರ ನಂತರ ಡ್ರೇನ್ ದ್ರವದಲ್ಲಿ ಅಮೈಲೇಸ್ ಎಂಬ ಕಿಣ್ವದ ಪ್ರಮಾಣ ರಕ್ತದಲ್ಲಿರಬೇಕಾದ ಗರಿಷ್ಠ ಮಟ್ಟದ ಮೂರು ಪಟ್ಟು ದಾಟಿದ್ದರೆ ಸೋರಿಕೆ ಇದೆಯೆಂದು ಅರ್ಥ. ಹಲವರಲ್ಲಿ ಅದು ಲೆಕ್ಕದ ಹಾಳೆಯಲ್ಲಷ್ಟೇ ಉಳಿದು ತಾನಾಗಿ ನಿಲ್ಲುತ್ತದೆ. ಕೆಲವರಲ್ಲಿ ಜ್ವರ ಬಂದು, ಒಳಗೆ ಕೀವು ನಿಂತು, ಸ್ಕ್ಯಾನ್ ನೋಡಿಕೊಂಡು ಇನ್ನೊಂದು ನಳಿಕೆ ಹಾಕಬೇಕಾಗುತ್ತದೆ. ಅಂಥವರು ನಳಿಕೆಯೊಂದಿಗೇ ಮನೆಗೆ ಹೋಗಿ ವಾರಗಳ ನಂತರ ಬಂದು ತೆಗೆಸಿಕೊಳ್ಳುವುದೂ ಉಂಟು. ಹಾಗಾದರೆ ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ತಿಳಿಯಬೇಡಿ.

ಸೋರಿದ ಜೀರ್ಣರಸ ಪಕ್ಕದ ಧಮನಿಯ ಗೋಡೆಯನ್ನು ಕೊರೆದರೆ ಮಾತ್ರ ವಿಷಯ ಗಂಭೀರ. ದೊಡ್ಡ ರಕ್ತಸ್ರಾವಕ್ಕೆ ಕೆಲವು ಗಂಟೆ ಅಥವಾ ದಿನಗಳ ಮೊದಲು ಡ್ರೇನ್‌ನಲ್ಲಿ ತುಸು ಕೆಂಪು ಕಾಣಿಸಿಕೊಂಡು ನಿಂತುಹೋಗಬಹುದು. ನಿಂತಿತಲ್ಲ ಎಂದು ಸುಮ್ಮನಿರಬಾರದು. ಆ ಕ್ಷಣದಲ್ಲೇ ನರ್ಸ್ ಅವರನ್ನು ಕರೆಯಬೇಕು. ರೋಗಿಯ ಪಕ್ಕದಲ್ಲಿ ಕುಳಿತವರ ಕಣ್ಣು ಅಲ್ಲಿ ನಮ್ಮ ಯಂತ್ರಗಳಷ್ಟೇ ಮುಖ್ಯ.

ಇನ್ನೊಂದು, ಅಪಾಯಕಾರಿಯಲ್ಲದಿದ್ದರೂ ಮನೆಯವರನ್ನು ಬಹಳ ಹೆದರಿಸುವ ತೊಡಕು ಜಠರ ಕೆಲಸ ಶುರುಮಾಡಲು ತಡಮಾಡುವುದು. ಎರಡು ಚಮಚ ನೀರು ಕುಡಿದರೂ ವಾಂತಿ, ಮತ್ತೆ ಮೂಗಿನ ನಳಿಕೆ, ಮತ್ತೆ ಉಪವಾಸ. ದಾರಿ ಕಟ್ಟಿಲ್ಲವೆಂದು ಖಚಿತವಾದ ಮೇಲೆ ಇದಕ್ಕೆ ಕಾಲವೇ ಔಷಧಿ. ಅಲ್ಲಿಯವರೆಗೆ ಕರುಳಿಗೆ ಇಳಿಸಿದ ಸಣ್ಣ ನಳಿಕೆಯಿಂದ ಆಹಾರ ಕೊಡಬಹುದು. ತೊಡಕಿಲ್ಲದಿದ್ದರೆ ಒಂದರಿಂದ ಎರಡು ವಾರಗಳಲ್ಲಿ ಮನೆ, ಇದ್ದರೆ ಅದಕ್ಕೂ ಹೆಚ್ಚು. ಊರಿನಿಂದ ಬಂದು ಉಳಿಯುವವರ ವ್ಯವಸ್ಥೆಯನ್ನು ಒಂದು ತಿಂಗಳ ಲೆಕ್ಕದಲ್ಲಿ ಮಾಡಿಕೊಳ್ಳಿ.

ನಿಮ್ಮ ಕಾಕಾ ಅವರ ಮಾತಿಗೆ ಉತ್ತರ: ಮೇದೋಜ್ಜೀರಕದ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಐದರಲ್ಲಿ ನಾಲ್ವರಿಗೆ ಶಸ್ತ್ರಚಿಕಿತ್ಸೆಯ ಅವಕಾಶವೇ ಇರುವುದಿಲ್ಲ. ಆಂಪುಲಾದ ಗಡ್ಡೆ ಬೇರೆ. ಅದು ಚಿಕ್ಕದಿರುವಾಗಲೇ ನಾಳದ ಬಾಯಿ ಮುಚ್ಚಿ ಕಾಮಣಿ ತರುತ್ತದೆ, ಬೇಗ ಸಿಕ್ಕಿಬೀಳುತ್ತದೆ, ಶಸ್ತ್ರಚಿಕಿತ್ಸೆಯ ನಂತರದ ಫಲಿತಾಂಶವೂ ಮೇದೋಜ್ಜೀರಕದ ತಲೆಯ ಕ್ಯಾನ್ಸರ್‌ಗಿಂತ ಗಣನೀಯವಾಗಿ ಉತ್ತಮ. ಕತ್ತರಿ ತಾಗಿದರೆ ಹರಡುತ್ತದೆ ಎಂಬ ನಂಬಿಕೆಯಿಂದ ಕೈಯಲ್ಲಿದ್ದ ಅವಕಾಶ ಕಳೆದುಕೊಂಡ ಕುಟುಂಬಗಳನ್ನು ನಾನು ನೋಡಿದ್ದೇನೆ, ಅದಕ್ಕಾಗಿ ಒತ್ತಿ ಹೇಳುತ್ತಿದ್ದೇನೆ: ಇಲ್ಲಿ ರೋಗವನ್ನು ಬೇರುಸಹಿತ ತೆಗೆಯುವ ದಾರಿ ಶಸ್ತ್ರಚಿಕಿತ್ಸೆ ಒಂದೇ.

ಉತ್ತರ 2 (ವಿಜಯಪುರದಿಂದ)

ತಮ್ಮಾ, ನಮ್ಮ ಮನೆಯವರಿಗೆ ಇದೇ ಶಸ್ತ್ರಚಿಕಿತ್ಸೆಯಾಗಿದೆ. ಈಗ ಅಂಗಡಿಗೆ ಹೋಗಿ ಕೂಡುತ್ತಾರೆ, ಸಂತೆ ಮಾಡುತ್ತಾರೆ. ವೈದ್ಯರು ಬರೆದದ್ದು ಆಸ್ಪತ್ರೆಯ ಒಳಗಿನ ಮಾತು. ನಾನು ಅಡುಗೆಮನೆಯ ಮತ್ತು ಪಡಸಾಲೆಯ ಮಾತನ್ನು ಬರೆಯುತ್ತೇನೆ, ಏಕೆಂದರೆ ಮನೆಗೆ ಬಂದ ದಿನದಿಂದ ಉಸ್ತುವಾರಿ ನಿಮ್ಮದೇ ಆಗುತ್ತದೆ.

ಮೊದಲ ವಾರಗಳಲ್ಲಿ ಹಸಿವೆ ಎಂಬುದೇ ಇರುವುದಿಲ್ಲ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಮೂರು ಹೊತ್ತಿನ ಊಟದ ಲೆಕ್ಕ ಬಿಟ್ಟು ಎರಡು ಮೂರು ತಾಸಿಗೊಮ್ಮೆ ಸಣ್ಣ ಬಟ್ಟಲಿನಲ್ಲಿ ಕೊಡಬೇಕು. ಜೋಳದ ನುಚ್ಚು ಮಜ್ಜಿಗೆಯೊಂದಿಗೆ, ಹೆಸರುಬೇಳೆ ತೊವ್ವೆ ಕಲಸಿದ ಮೆತ್ತನ್ನ ಅನ್ನ, ಮೊಸರನ್ನ, ಇಡ್ಲಿ ನಮ್ಮಲ್ಲಿ ಒಗ್ಗಿದವು. ಊಟದ ನಡುವೆ ನೀರು ಕುಡಿಸಿದರೆ ಅನ್ನಕ್ಕೆ ಜಾಗವಿರುವುದಿಲ್ಲ, ನೀರು ಊಟಕ್ಕೆ ಅರ್ಧ ತಾಸು ಮುಂಚೆ ಅಥವಾ ಆಮೇಲೆ ಇರಲಿ. ಕಬ್ಬಿನ ಹಾಲು, ಬೆಲ್ಲದ ಪಾನಕ, ಶರಬತ್ತು ಇವನ್ನು ಶಕ್ತಿ ಬರಲೆಂದು ಕುಡಿಸುವವರು ಬಹಳ. ಅವು ಬರಿದಾದ ಜಠರದಿಂದ ಒಮ್ಮೆಲೇ ಕರುಳಿಗೆ ಜಾರಿ ಬೆವರು, ಎದೆಬಡಿತ, ಭೇದಿ ತರಬಹುದು. ರಕ್ತದ ಸಕ್ಕರೆಯನ್ನೂ ಏರಿಸುತ್ತವೆ.

ರೊಟ್ಟಿಯ ಬಗ್ಗೆ ಕೇಳಿದ್ದೀರಿ. ಖಡಕ್ ರೊಟ್ಟಿ ಮೊದಲಿಗೆ ಬೇಡ. ಬಿಸಿ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯ ಕಟ್ಟಿನಲ್ಲೋ ನೆನೆಸಿ ಚೂರು ಮಾಡಿ ಕೊಡಲು ಶುರುಮಾಡಿ, ಒಂದೆರಡು ತಿಂಗಳಲ್ಲಿ ಹಾಗೆಯೇ ಕಡಿದು ತಿನ್ನುವಂತಾಗುತ್ತಾರೆ. ರೊಟ್ಟಿ ಶಾಶ್ವತವಾಗಿ ಬಿಡಬೇಕಾಗಿಲ್ಲ. ಹೊಟ್ಟೆ ತುಂಬಿಸಿ ಬಲ ಕೊಡದ ಸೊಪ್ಪು, ಹಸಿ ಕಾಯಿಪಲ್ಲೆಗಳಿಗಿಂತ ಮೊದಲು ಹಾಲು, ಮೊಸರು, ಪನೀರು, ಬೇಳೆ, ನುಣ್ಣಗೆ ಅರೆದ ಶೇಂಗಾ ಇವು ಹೋಗಲಿ. ಹೊಲಿಗೆ ಕೂಡಲು, ಸ್ನಾಯು ಕರಗದಿರಲು ಪ್ರೋಟೀನ್ ಬೇಕು.

ಎಣ್ಣೆ, ತುಪ್ಪ ಮುಟ್ಟಿಸಬೇಡಿ ಎಂದು ನೋಡಲು ಬಂದ ಬೀಗರು, ನೆರೆಯವರು ಎಲ್ಲರೂ ಹೇಳುತ್ತಾರೆ. ಆಸ್ಪತ್ರೆಯ ಆಹಾರ ತಜ್ಞೆ ನಮಗೆ ಬೇರೆಯೇ ಹೇಳಿದರು, ಮತ್ತು ಅವರ ಮಾತೇ ನಿಜವಾಯಿತು. ಕೊಬ್ಬು ಪೂರ್ತಿ ನಿಲ್ಲಿಸಿದರೆ ಮನುಷ್ಯ ಕರಗಿಹೋಗುತ್ತಾನೆ. ಕೊಬ್ಬನ್ನು ಕರಗಿಸುವ ರಸ ಈಗ ಗ್ರಂಥಿಯಿಂದ ಸಾಕಷ್ಟು ಬರುವುದಿಲ್ಲವಾದ್ದರಿಂದ ಆ ರಸವನ್ನು ಕ್ಯಾಪ್ಸೂಲ್‌ನಲ್ಲಿ ಕೊಡಬೇಕು, ಕರಿದದ್ದನ್ನಷ್ಟೇ ದೂರವಿಡಬೇಕು. ಕ್ಯಾಪ್ಸೂಲ್ ಸಾಕಾಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮಲ ನೋಡಬೇಕು. ಬಿಳಚಿಕೊಂಡು, ಎಣ್ಣೆಯ ಜಿಡ್ಡಿನಿಂದ ತೇಲುತ್ತ, ವಿಪರೀತ ವಾಸನೆ ಬೀರುತ್ತ, ಎಷ್ಟು ನೀರು ಹಾಕಿದರೂ ಅಂಟಿಕೊಳ್ಳುತ್ತಿದ್ದರೆ ಕೊಬ್ಬು ಜೀರ್ಣವಾಗುತ್ತಿಲ್ಲ. ಗಂಡಸರು ಇದನ್ನು ಹೆಂಡತಿಗೂ ಹೇಳಲು ನಾಚುತ್ತಾರೆ. ಈ ಒಂದು ವಿಷಯದಲ್ಲಿ ನಾಚಿಕೆ ಬೇಡವೆಂದು ಮೊದಲ ದಿನವೇ ಮಾತಾಡಿಕೊಳ್ಳಿ.

ಸಕ್ಕರೆಯ ಮೇಲೂ ಕಣ್ಣಿರಲಿ. ಮೊದಲು ಇಲ್ಲದವರಿಗೂ ಬರಬಹುದು, ಇದ್ದವರಿಗೆ ಇನ್ಸುಲಿನ್ ಬೇಕಾಗಬಹುದು. ಇನ್ಸುಲಿನ್ ತೆಗೆದುಕೊಂಡು ಊಟ ಕಡಿಮೆಯಾದ ರಾತ್ರಿಗಳಲ್ಲಿ ಸಕ್ಕರೆ ಇಳಿದು ಬೆವರು, ನಡುಕ ಬರುತ್ತದೆ. ಇಳಿದ ಸಕ್ಕರೆಯನ್ನು ಏರಿಸುವ ಹಾರ್ಮೋನು ಕೂಡ ಇದೇ ಗ್ರಂಥಿಯದು, ಅದೂ ಕಡಿಮೆಯಾಗಿರುತ್ತದೆ ಎಂದು ವೈದ್ಯರು ವಿವರಿಸಿದ್ದರು. ಆ ಕ್ಷಣದಲ್ಲಿ ಮಾತ್ರ ಸಕ್ಕರೆ ನೀರು ಕುಡಿಸಬೇಕು.

ತೂಕ, ಜ್ವರ, ಸಕ್ಕರೆ, ಡ್ರೇನ್ ಇದ್ದರೆ ಅದರ ಅಳತೆ ಮತ್ತು ಬಣ್ಣ ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡಿ. ಫೋನಿನಲ್ಲಿ ವೈದ್ಯರು ಕೇಳಿದಾಗ ಅಂದಾಜಿನ ಮಾತು ಹೇಳುವುದು ತಪ್ಪುತ್ತದೆ. ಮನೆಗೆ ಬಂದ ಮೇಲೆ ಅವರು ಮಾತು ಕಡಿಮೆ ಮಾಡಿ ಗೋಡೆಗೆ ಮುಖ ಮಾಡಿ ಮಲಗಿದರೆ ಅದನ್ನು ಬರಿಯ ನಿಶ್ಶಕ್ತಿ ಎಂದುಕೊಳ್ಳಬೇಡಿ. ಮನಸ್ಸು ಕುಸಿಯುವುದು ಈ ಕಾಯಿಲೆಯಲ್ಲಿ ಬಹಳ, ಅದಕ್ಕೂ ವೈದ್ಯರ ಬಳಿ ಚಿಕಿತ್ಸೆ ಇದೆ.

ಪ್ರಶ್ನೆ ಕೇಳಿದವರು

ವೈದ್ಯರೇ, ಅಕ್ಕಾವರೇ, ನಿಮ್ಮಿಬ್ಬರ ಬರಹವನ್ನು ಮನೆಯಲ್ಲಿ ಓದಿ ಹೇಳಿದೆ. ಕಾಕಾ ಈಗ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದಾರೆ. ಎರಡು ವಿಷಯ ಉಳಿದಿವೆ. ನಮ್ಮದು ಲಿಂಗಾಯತ ಮನೆತನ, ಮೊಟ್ಟೆಯೂ ಇಲ್ಲ. ಆ ಕ್ಯಾಪ್ಸೂಲ್ ಹಂದಿಯಿಂದ ತಯಾರಾಗುತ್ತದೆ ಎಂದು ಯಾರೋ ಹೇಳಿದರು, ನಿಜವೇ? ಸಸ್ಯಮೂಲದ್ದು ಇಲ್ಲವೇ? ಎರಡನೆಯದಾಗಿ, ಕಬ್ಬು ಕಾರ್ಖಾನೆಗೆ ಹೋದ ಮೇಲೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಅಪ್ಪ ಹಟ ಹಿಡಿದಿದ್ದಾರೆ. ಸ್ಟೆಂಟ್ ಹಾಕಿದ ಮೇಲೆ ಹಳದಿ ಇಳಿದು, ತುರಿಕೆ ಹೋಗಿ, ಊಟವೂ ಸೇರುತ್ತಿರುವುದರಿಂದ ತಾನು ಗುಣವಾದೆ ಎಂದು ಅವರಿಗೆ ಅನಿಸಿದೆ.

ಉತ್ತರ 3 (ಬಾಗಲಕೋಟೆ ನವನಗರ, ಔಷಧಿ ಅಂಗಡಿ ನಡೆಸುವವರು)

ನಿಜ. ಪ್ಯಾಂಕ್ರಿಯಾಟಿನ್ ಎಂಬ ಆ ಔಷಧಿಯನ್ನು ಹಂದಿಯ ಮೇದೋಜ್ಜೀರಕ ಗ್ರಂಥಿಯಿಂದ ತೆಗೆಯುತ್ತಾರೆ. ಜೀರ್ಣಕ್ಕೆಂದು ಅಂಗಡಿಯಲ್ಲಿ ಸಿಗುವ ಶಿಲೀಂಧ್ರಮೂಲದ, ಪಪ್ಪಾಯಿಮೂಲದ ಸಿರಪ್‌ಗಳು ಇದಕ್ಕೆ ಬದಲಿ ಆಗಲಾರವು. ಕೊಬ್ಬನ್ನು ಒಡೆಯುವ ಲೈಪೇಸ್ ಬೇಕಾದ ಪ್ರಮಾಣದಲ್ಲಿ ಅವುಗಳಲ್ಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಯ ಚರ್ಮಕ್ಕೆ ಕೊಡುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಕೂಡ ಸಾಮಾನ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದಲೇ ಬರುತ್ತದೆ. ಹಿಂದೆ ಇನ್ಸುಲಿನ್ನೂ ಹಂದಿ, ದನಗಳಿಂದ ಬರುತ್ತಿತ್ತು. ಶಾಕಾಹಾರಿ ಮನೆಗಳು, ಮುಸ್ಲಿಂ ಮನೆಗಳು ನಮ್ಮ ಅಂಗಡಿಯಿಂದ ಈ ಕ್ಯಾಪ್ಸೂಲ್ ಒಯ್ಯುತ್ತವೆ. ಅದನ್ನು ಆಹಾರವೆಂದು ನೋಡದೆ, ಬೇರೆ ದಾರಿಯಿಲ್ಲದ ಔಷಧಿಯೆಂದು ಒಪ್ಪಿಕೊಂಡಿದ್ದಾರೆ. ಆದರೆ ಮುಚ್ಚಿಟ್ಟು ಕೊಡಬೇಡಿ. ನುಂಗುವವರು ನಿಮ್ಮ ತಂದೆ, ಒಪ್ಪುವ ಹಕ್ಕೂ ಅವರದೇ. ಮುಂದೆ ಬೇರೆಯವರ ಬಾಯಿಂದ ತಿಳಿದು ಔಷಧಿಯನ್ನೇ ನಿಲ್ಲಿಸಿಬಿಟ್ಟರೆ ಹಾನಿ ಹೆಚ್ಚು.

ತೆಗೆದುಕೊಳ್ಳುವ ಕ್ರಮದಲ್ಲಿ ತಪ್ಪಾಗುವುದು ಬಹಳ, ಅದನ್ನು ಹೇಳುತ್ತೇನೆ. ಕ್ಯಾಪ್ಸೂಲ್ ಮೇಲೆ ಬರೆದ 10,000 ಅಥವಾ 25,000 ಎಂಬುದು ಲೈಪೇಸ್‌ನ ಯೂನಿಟ್. ದೊಡ್ಡ ಊಟಕ್ಕೆ ಸಾಮಾನ್ಯವಾಗಿ 25,000ದಿಂದ 50,000 ಯೂನಿಟ್‌ಗಳಿಂದ ಶುರುಮಾಡುತ್ತಾರೆ, ಉಪಾಹಾರಕ್ಕೆ ಅದರ ಅರ್ಧ. ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ. ಮೊದಲ ತುತ್ತಿನೊಂದಿಗೆ ಒಂದು, ಎರಡಿದ್ದರೆ ಇನ್ನೊಂದು ಊಟದ ನಡುವೆ. ಊಟ ಮುಗಿದು ಕೈ ತೊಳೆದ ಮೇಲೆ ನುಂಗಿದರೆ ಅನ್ನ ಮುಂದೆ ಹೋಗಿರುತ್ತದೆ, ಔಷಧಿ ಹಿಂದೆ ಉಳಿಯುತ್ತದೆ. ಅಗಿಯಬಾರದು, ಬಿಸಿ ಚಹಾದೊಂದಿಗೆ ನುಂಗಬಾರದು. ಒಂದು ಲೋಟ ಹಾಲಿಗೂ ಕ್ಯಾಪ್ಸೂಲ್ ಬೇಕು, ಬರಿಯ ಹಣ್ಣಿಗೆ ಬೇಡ.

ನಮ್ಮ ಕಡೆಯ ಬಿಸಿಲಿಗೆ ಇನ್ನೊಂದು ಮಾತು ಸೇರಿಸಬೇಕು. ಕಿಣ್ವ ಶಾಖಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಡಬ್ಬಿಯ ಮೇಲೆ ಸಾಮಾನ್ಯವಾಗಿ 25 ಡಿಗ್ರಿಯ ಕೆಳಗೆ ಇಡಿ ಎಂದು ಬರೆದಿರುತ್ತದೆ, ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ದಾಟುತ್ತದೆ. ಒಲೆಯ ಗೂಡಿನಲ್ಲಿ, ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ, ಅಂಗಿಯ ಜೇಬಿನಲ್ಲಿ ಇಡಬೇಡಿ. ಹೊಲಕ್ಕೆ ಹೋಗುವಾಗ ಆ ಹೊತ್ತಿಗೆ ಬೇಕಾದಷ್ಟನ್ನೇ ಬುತ್ತಿಯ ಜೊತೆ ನೆರಳಿನಲ್ಲಿಡಿ. ಡೋಸ್ ಏರಿಸಿದರೂ ಜಿಡ್ಡು ನಿಲ್ಲದಿದ್ದರೆ, ಕ್ಯಾಪ್ಸೂಲ್ ಎಲ್ಲಿಟ್ಟಿದ್ದೀರೆಂದು ನಾನು ಮೊದಲು ಕೇಳುತ್ತೇನೆ.

ಉತ್ತರ 4 (ಗೋಕಾಕ, ನಿವೃತ್ತ ಶಿಕ್ಷಕರು)

ನಾನು ಸ್ವತಃ ಈ ಶಸ್ತ್ರಚಿಕಿತ್ಸೆಯಾದವನು. ಅದು ಆಗಿ ಕೆಲವು ವರ್ಷಗಳಾದವು. ನಿಮ್ಮ ತಂದೆಗೆ ರೋಗದ ಹೆಸರು ಹೇಳಬೇಕೇ ಎಂಬ ಪ್ರಶ್ನೆಯನ್ನು ನೀವು ನೇರವಾಗಿ ಕೇಳಿಲ್ಲ, ಆದರೆ ನಿಮ್ಮ ಮೊದಲ ಬರಹದ ಕೊನೆಯ ವಾಕ್ಯ ಅದೇ. ಹೇಳಬೇಕು. "ನಾಳ ಕಟ್ಟಿದೆ" ಎಂದಷ್ಟೇ ತಿಳಿದವನು ಸ್ಟೆಂಟ್‌ನಿಂದ ನಾಳ ತೆರೆದ ಮೇಲೆ ಹೊಟ್ಟೆ ಕೊಯ್ಯಿಸಿಕೊಳ್ಳಲು ಏಕೆ ಒಪ್ಪಬೇಕು? ಅವರ ಹಟ ಅವರಿಗೆ ಗೊತ್ತಿರುವಷ್ಟಕ್ಕೆ ಸರಿಯಾಗಿಯೇ ಇದೆ. ಶಸ್ತ್ರಚಿಕಿತ್ಸೆಯ ಮರುದಿನವೇ ನಳಿಕೆಗಳನ್ನು ಹಿಡಿದುಕೊಂಡು ಎದ್ದು ನಡೆ ಎನ್ನುತ್ತಾರೆ, ಉಸಿರಿನಿಂದ ಚೆಂಡು ಏರಿಸು ಎನ್ನುತ್ತಾರೆ. ಏತಕ್ಕೆಂದು ತಿಳಿದವನು ಮಾತ್ರ ಆ ನೋವಿನಲ್ಲಿ ಅದನ್ನು ಮಾಡಬಲ್ಲ.

ಮನೆಗೆ ಹೋದ ಮೇಲೆ ಬರುವ ಬಯಾಪ್ಸಿ ವರದಿಯನ್ನು ತಪ್ಪದೆ ಕೇಳಿ ಪಡೆದು, ಅದರ ಮೂರು ವಿಷಯ ತಿಳಿದುಕೊಳ್ಳಿ: ಗಡ್ಡೆ ಎಷ್ಟು ಆಳಕ್ಕೆ ಹೋಗಿತ್ತು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇತ್ತೇ, ಪರೀಕ್ಷಿಸಿದ ದುಗ್ಧಗ್ರಂಥಿಗಳಲ್ಲಿ ಎಷ್ಟರಲ್ಲಿ ಇತ್ತು. ಕಿಮೊಥೆರಪಿ ಬೇಕೇ ಬೇಡವೇ ಎಂಬುದು ಅದರ ಮೇಲೆ ನಿಲ್ಲುತ್ತದೆ. ಬೇಕಾದರೆ ಸಾಮಾನ್ಯವಾಗಿ ಎರಡು ಮೂರು ತಿಂಗಳೊಳಗೆ ಶುರುಮಾಡುತ್ತಾರೆ, ಸುಮಾರು ಆರು ತಿಂಗಳು ನಡೆಯುತ್ತದೆ. ಶಸ್ತ್ರಚಿಕಿತ್ಸೆ ಒಂದು ಊರಿನಲ್ಲಾಗಿ ಕಿಮೊಥೆರಪಿ ಇನ್ನೊಂದು ಊರಿನಲ್ಲಾದರೂ ತೊಂದರೆಯಿಲ್ಲ, ಕಾಗದಪತ್ರಗಳು ಪೂರ್ತಿ ಇರಬೇಕಷ್ಟೇ. ನಮ್ಮ ಕಡೆಯವರು ಮೀರಜ, ಸೊಲ್ಲಾಪುರ, ಹುಬ್ಬಳ್ಳಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಎಂದು ಎರಡನೆಯ ಅಭಿಪ್ರಾಯಕ್ಕೆ ಹೋಗುವುದುಂಟು. ಒಂದು ಅಭಿಪ್ರಾಯ ಕೇಳಿ, ಅದರಲ್ಲಿ ತಪ್ಪಿಲ್ಲ, ಆದರೆ ಅದರಲ್ಲೇ ತಿಂಗಳು ಕಳೆಯಬೇಡಿ.

ಖರ್ಚಿನ ವಿಷಯ ಚಿಕ್ಕದಾಗಿ. ಬಿಪಿಎಲ್ ಪಡಿತರ ಚೀಟಿ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಬೇಕು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನೂ ಕೇಳುತ್ತಾರೆ. ಭರ್ತಿಯಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು, ಅಂದರೆ ಯೋಜನೆಯ ಸಹಾಯಕರನ್ನು, ಕಂಡು ಮಾತಾಡಿ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಿ.

ಉತ್ತರ 5 (ಬೆಳಗಾವಿಯ ವೈದ್ಯೆ, ಮತ್ತೊಮ್ಮೆ)

ಕಬ್ಬಿನ ಹಂಗಾಮಿನ ಪ್ರಶ್ನೆಗೆ ಸ್ಪಷ್ಟವಾಗಿ ಹೇಳುತ್ತೇನೆ: ಕಾಯಬೇಡಿ. ಸ್ಟೆಂಟ್ ಪಿತ್ತರಸಕ್ಕೆ ದಾರಿ ಮಾಡಿದೆ, ಕ್ಯಾನ್ಸರ್ ಇದ್ದಲ್ಲೇ ಇದೆ. ಬಿಲಿರುಬಿನ್ 17 ಇದ್ದಾಗ ಅದನ್ನು ಇಳಿಸಿ, ಯಕೃತ್ತು ಸುಧಾರಿಸಲು ಕೆಲವು ವಾರ ಬಿಡುವುದು ಯೋಗ್ಯ. ಅದಕ್ಕೂ ಮೀರಿ ಮುಂದೂಡಿದರೆ ಗಡ್ಡೆ ಬೆಳೆಯುತ್ತದೆ. ಮೇಲಾಗಿ ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡರೆ ಪಿತ್ತನಾಳಕ್ಕೆ ಸೋಂಕು ತಗುಲಿ ಚಳಿಜ್ವರ ಬರುತ್ತದೆ. ಮೈ ನಡುಗುವ ಜ್ವರ ಬಂದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಕರೆತನ್ನಿ. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳ ನಂತರವೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ, ಏಕೆಂದರೆ ಪಿತ್ತನಾಳದ ಜೋಡಣೆ ಕಿರಿದಾಗಿ ಇದೇ ರೀತಿಯ ಸೋಂಕು ಬರಬಹುದು. ಮಲ ಕಪ್ಪಾದರೆ, ಕಣ್ಣು ಮತ್ತೆ ಹಳದಿಯಾದರೆ, ಕುಡಿದ ನೀರೂ ನಿಲ್ಲದೆ ವಾಂತಿಯಾದರೆ ಆಗಲೂ ಅಷ್ಟೇ.

ಶಸ್ತ್ರಚಿಕಿತ್ಸೆಯವರೆಗಿನ ವಾರಗಳನ್ನು ವ್ಯರ್ಥ ಮಾಡಬೇಡಿ. ತಂಬಾಕು, ಗುಟ್ಕಾ, ಬೀಡಿ ಏನಿದ್ದರೂ ಇಂದೇ ನಿಲ್ಲಲಿ. ದಿನವೂ ಎರಡು ಹೊತ್ತು ಚುರುಕಾಗಿ ನಡೆಯಲಿ. ಮೂರು ಚೆಂಡಿನ ಉಸಿರಾಟದ ಸಾಧನವನ್ನು ಈಗಲೇ ಕೊಂಡು ರೂಢಿ ಮಾಡಿಸಿ, ಹಾಲು ಬೇಳೆ ಹೆಚ್ಚು ಕೊಡಿ. ಊಟ ಸೇರುತ್ತಿರುವ ಈ ದಿನಗಳಲ್ಲಿ ಏರುವ ಒಂದೊಂದು ಕಿಲೋ ತೂಕವೂ ಮುಂದೆ ಉಪಯೋಗಕ್ಕೆ ಬರುತ್ತದೆ.

ಹೊಲದ ಕೆಲಸದ ಬಗ್ಗೆ: ಮೊದಲ ಆರರಿಂದ ಎಂಟು ವಾರ ಭಾರ ಎತ್ತಬಾರದು, ಎತ್ತಿದರೆ ಹೊಟ್ಟೆಯ ಹೊಲಿಗೆ ಸಡಿಲಿ ಹರ್ನಿಯಾ ಆಗುತ್ತದೆ. ಆಮೇಲೆ ನೀರು ಹಾಯಿಸುವುದು, ಆಳುಗಳ ಮೇಲ್ವಿಚಾರಣೆ ಮಾಡಬಹುದು. ಕಬ್ಬಿನ ಹೊರೆ ಹೊರುವಷ್ಟು ಕಸುವು ಬರಲು ಆರು ತಿಂಗಳಿನಿಂದ ಒಂದು ವರ್ಷ ಹಿಡಿಯುತ್ತದೆ, ಕಿಮೊಥೆರಪಿ ಇದ್ದರೆ ಇನ್ನೂ ತುಸು ಹೆಚ್ಚು. ಈ ಸಲದ ಕಟಾವಿನ ಉಸ್ತುವಾರಿಯನ್ನು ನೀವೂ ನಿಮ್ಮ ಕಾಕಾ ಅವರೂ ವಹಿಸಿಕೊಳ್ಳುತ್ತೀರೆಂದು ನಿಮ್ಮ ತಂದೆಗೆ ಮಾತು ಕೊಟ್ಟು, ಸ್ಟೆಂಟ್ ಹಾಕಿದ ದಿನಾಂಕವಿರುವ ಕಾಗದದೊಂದಿಗೆ ಬರುವ ವಾರವೇ ನಿಮ್ಮ ಶಸ್ತ್ರವೈದ್ಯರನ್ನು ಕಂಡು ದಿನ ಗೊತ್ತು ಮಾಡಿಕೊಳ್ಳಿ.